ಹಸುರೆಲೆಯ ಕೊಡುಗೆ

ವಾರಕ್ಕೊಂದು ದಿನ, ಮಧ್ಯಾಹ್ನದ ಊಟವಾದ ಬಳಿಕ, ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ನೀಲಿ ಬಣ್ಣದ ಮಾತ್ರೆಯೊಂದನ್ನು ಕೊಡುವುದುಂಟು. ನಾನು ಅಧ್ಯಾಪಕನಾಗಿದ್ದ ಕೊನೆಯ ವರ್ಷಗಳಲ್ಲಿ ಆ ಕೆಲಸವು ನನ್ನ ಪಾಲಿಗೂ ಬಂದಿತ್ತು. ಒಮ್ಮೆ ಮಳೆ ನಿಂತ ಮೇಲೆ ತರಗತಿಯ ಕಿಟಕಿಯಿಂದ ಹೊರಗೆ ನೋಡಿದೆನು. ಕೆಸರಿನಲ್ಲಿ ಹತ್ತಾರು ಮಾತ್ರೆಗಳು ಬಣ್ಣ ಬಿಡುತ್ತ ಬಿದ್ದಿದ್ದವು. ಮಕ್ಕಳನ್ನು ಗದರಿಸಿದೆನು. ಆಗ ಹುಡುಗಿಯೊಬ್ಬಳು ಎದ್ದು ನಿಂತು, "ಗುರುಗಳೇ, ಅದರಲ್ಲಿ ಏನಿದೆ?" ಎಂದು ಕೇಳಿದಳು. ಕಬ್ಬಿಣವಿದೆ ಎಂದೆನು. "ಮತ್ತೇನಿದೆ?" ಎಂದಳು. ಪೊಟ್ಟಣದ ಮೇಲಿದ್ದುದನ್ನು ನೋಡಿ ಫೋಲಿಕ್ ಆಮ್ಲವೆಂದು ಓದಿ ಹೇಳಿದೆನೇ ಹೊರತು, ಅದೇನೆಂಬುದು ನನಗೂ ತಿಳಿದಿರಲಿಲ್ಲ. ತಿಳಿಸಿ ಹೇಳಲಾರದವನಿಗೆ ಗದರಿಸುವ ಹಕ್ಕೆಲ್ಲಿಯದು? ಅಂದು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಈ ಕಥೆಯು ಆರಂಭವಾಗುವುದು ನಮ್ಮ ನೆರೆಯ ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಅಲ್ಲಿಗೆ ಬಂದಳು. ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಲ್ಲಿ ಅನೇಕರು ಬಸಿರಿನ ಕಾಲದಲ್ಲಿ ರಕ್ತಹೀನತೆಯಿಂದ ಬಿಳಿಚಿಕೊಂಡು, ಬಲಗುಂದಿ, ಎಷ್ಟೋ ವೇಳೆ ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು. ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಮಾತ್ರ ಉಬ್ಬಿ ದೊಡ್ಡವಾಗಿರುವುದು ಕಂಡಿತು. ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದ ಆಕೆಯು ರೋಗಾಣುವನ್ನು ಹುಡುಕಿದಳು, ದೊರೆಯಲಿಲ್ಲ. ಬಳಿಕ ರೋಗಿಗಳ ಊಟದ ತಟ್ಟೆಯತ್ತ ದೃಷ್ಟಿ ಹರಿಸಿದಳು. ಅವರ ಆಹಾರದಲ್ಲಿ ಸೊಪ್ಪು, ತರಕಾರಿ, ಹಣ್ಣುಗಳು ತೀರ ವಿರಳವಾಗಿದ್ದವು. ಯೀಸ್ಟಿನಿಂದ ತಯಾರಿಸಿದ, ಇಂಗ್ಲೆಂಡಿನ ಜನ ರೊಟ್ಟಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ರೋಗಿಗಳಿಗೆ ಕೊಟ್ಟು ನೋಡಿದಳು. ಅವರು ಬೇಗನೆ ಚೇತರಿಸಿಕೊಂಡರು. 1931ರಲ್ಲಿ ಆಕೆ ಈ ವಿಷಯವನ್ನು ಪ್ರಕಟಿಸಿದಳು. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವಿಗೆ 'ವಿಲ್ಸ್ ಅಂಶ' ಎಂಬ ಹೆಸರು ಬಂದಿತು.

ಅದು ಯಾವುದೆಂದು ತಿಳಿಯಲು ಇನ್ನೂ ಹತ್ತು ವರ್ಷಗಳು ಬೇಕಾದವು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ವಿಜ್ಞಾನಿಗಳು ನಾಲ್ಕು ಟನ್ನುಗಳಷ್ಟು ಪಾಲಕ್ ಸೊಪ್ಪಿನಿಂದ ಬಹು ಸ್ವಲ್ಪ ಪ್ರಮಾಣದಲ್ಲಿ ಒಂದು ಆಮ್ಲವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ 'ಫೋಲಿಯಮ್' ಎಂದರೆ ಎಲೆ. ಎಲೆಯಿಂದ ಬಂದುದಾದ್ದರಿಂದ ಅದು ಫೋಲಿಕ್ ಆಮ್ಲವೆನಿಸಿತು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ನಾಯಕರು ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ್ದ ಎಲ್ಲಾಪ್ರಗಡ ಸುಬ್ಬರಾವ್. ತಾರುಣ್ಯದಲ್ಲಿ ಅವರು ಸ್ಪ್ರೂ ಎಂಬ ಕರುಳಿನ ಬೇನೆಯಿಂದ ನರಳಿದ್ದರು. ಅವರ ತಂಡವು ತಯಾರಿಸಿದ ಫೋಲಿಕ್ ಆಮ್ಲವೇ ಮುಂದೆ ಆ ಬೇನೆಗೂ ಮದ್ದಾಯಿತು.

ಈ ಆಮ್ಲವು ನಮ್ಮ ದೇಹದಲ್ಲಿ ಮಾಡುವ ಕೆಲಸವೇನು? ಹೊಸ ಜೀವಕೋಶಗಳು ಹುಟ್ಟಬೇಕಾದರೆ ಇದು ಬೇಕು. ಇದರ ಇನ್ನೊಂದು ಕೆಲಸವನ್ನು ಒಂದು ಹೋಲಿಕೆಯಿಂದ ತಿಳಿಯೋಣ. ನಾವು ತಿನ್ನುವ ಆಹಾರದಿಂದ ಮೆಥಿಯೊನೀನ್ ಎಂಬ ವಸ್ತು ದೇಹಕ್ಕೆ ದೊರೆಯುತ್ತದೆ. ಅದನ್ನು ಮೂಟೆ ಹೇರಿದ ಗಾಡಿಯೆಂದು ಭಾವಿಸಿರಿ. ಒಂದು ಇಂಗಾಲದ ಪರಮಾಣು, ಮೂರು ಜಲಜನಕದ ಪರಮಾಣುಗಳು ಸೇರಿದ ಮೀಥೈಲ್ ಎಂಬ ಸಣ್ಣ ಗುಂಪೇ ಆ ಮೂಟೆ. ಗಾಡಿಯು ಅಗತ್ಯವಿದ್ದ ಕಡೆ ಅದನ್ನು ಇಳಿಸುತ್ತದೆ. ಈ ಕ್ರಿಯೆಗೆ ಮೀಥೈಲೀಕರಣವೆಂದು ಹೆಸರು. ಮೂಟೆಯನ್ನು ಇಳಿಸಿದ ಮೇಲೆ ಉಳಿಯುವ ಬರಿಗಾಡಿಯೇ ಹೋಮೋಸಿಸ್ಟೀನ್. ಫೋಲಿಕ್ ಆಮ್ಲವು ಹೊಸ ಮೂಟೆಯನ್ನು ತರುತ್ತದೆ. ಬಿ-12 ಜೀವಸತ್ವವು ಅದನ್ನು ಎತ್ತಿ ಗಾಡಿಗೆ ಹೇರುತ್ತದೆ. ಹೆಚ್ಚಾಗಿ ಉಳಿದ ಬರಿಗಾಡಿಗಳನ್ನು ಬಿ-6 ಜೀವಸತ್ವದ ನೆರವಿನಿಂದ ದೇಹವು ಬೇರೆ ಉಪಯೋಗಕ್ಕೆ ಸಾಗಿಸುತ್ತದೆ. ಈ ಆಳುಗಳ ಕೊರತೆಯಾದರೆ ಬರಿಗಾಡಿಗಳು ಬೀದಿಯಲ್ಲಿ ನೆರೆಯುತ್ತವೆ. ಎಂದರೆ, ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ.

ಹಾಗೆ ಏರಿದರೆ ಕೇಡೇನು? ಹುಟ್ಟಿನಿಂದಲೇ ಈ ವಸ್ತುವು ವಿಪರೀತವಾಗಿ ಏರಿರುವ ವಿರಳ ರೋಗವೊಂದುಂಟು. ಅದರಿಂದ ಸತ್ತ ಎಳೆಯ ಮಕ್ಕಳ ರಕ್ತನಾಳಗಳು ಮುದುಕರ ನಾಳಗಳಂತೆ ಗಡುಸಾಗಿದ್ದುದನ್ನು ಅಮೆರಿಕದ ಕಿಲ್ಮರ್ ಮೆಕಲಿ ಎಂಬ ವೈದ್ಯರು 1969ರಲ್ಲಿ ತೋರಿಸಿಕೊಟ್ಟರು. ಹೃದಯಾಘಾತಕ್ಕೂ ಹೋಮೋಸಿಸ್ಟೀನಿಗೂ ನಂಟಿರಬಹುದೆಂದು ಅವರು ಊಹಿಸಿದರು. ಹಾಗಾದರೆ ಬಿ ಜೀವಸತ್ವದ ಮಾತ್ರೆಗಳನ್ನು ನುಂಗಿ ಅದನ್ನು ಇಳಿಸಿದರೆ ಹೃದಯವು ಉಳಿಯುವುದೆಂಬ ಆಸೆ ಮೂಡಿತು. ಸಾವಿರಾರು ರೋಗಿಗಳ ಮೇಲೆ ಪರೀಕ್ಷೆಗಳು ನಡೆದವು. 2006ರಲ್ಲಿ ಅಂತಹ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶಗಳು ಹೊರಬಂದವು. ಮಾತ್ರೆಗಳಿಂದ ಹೋಮೋಸಿಸ್ಟೀನ್ ನಿಜವಾಗಿಯೂ ಇಳಿದಿತ್ತು. ಆದರೆ ಹೃದಯಾಘಾತಗಳು ಕಡಿಮೆಯಾಗಿರಲಿಲ್ಲ. ಹೊಗೆಯನ್ನು ಚದುರಿಸಿದ ಮಾತ್ರಕ್ಕೆ ಬೆಂಕಿ ಆರಿತೆಂದು ತಿಳಿಯಲಾಗದು. ಆದರೂ ಆ ಮದ್ದು ನಿಷ್ಪ್ರಯೋಜಕವೆಂದಲ್ಲ. ಧಾನ್ಯಕ್ಕೆ ಫೋಲಿಕ್ ಆಮ್ಲವನ್ನು ಬೆರೆಸುವ ಪದ್ಧತಿಯಿಲ್ಲದ ಚೀನದಲ್ಲಿ, ರಕ್ತದ ಒತ್ತಡವಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ಒತ್ತಡದ ಮದ್ದಿನೊಡನೆ ಈ ಆಮ್ಲವನ್ನೂ ಪಡೆದವರಲ್ಲಿ ಪಾರ್ಶ್ವವಾಯು ಕೊಂಚ ಕಡಿಮೆಯಾಗಿತ್ತು.

ಕೊರತೆಯಿದ್ದಲ್ಲಿ ಈ ಮಾತ್ರೆ ದೊಡ್ಡ ಉಪಕಾರಿ. ಹಿಂದೆ ಒಮ್ಮೆ ಬೆನ್ನುಹುರಿಯ ದೋಷವುಳ್ಳ ಶಿಶುವನ್ನು ಹೆತ್ತಿದ್ದ ತಾಯಂದಿರು, ಮುಂದಿನ ಬಸಿರಿಗೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ ಆ ದೋಷದ ಭಯವು ನೂರಕ್ಕೆ 72 ಪಾಲು ತಗ್ಗುವುದೆಂದು 1991ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಮುಂಬಯಿಯ ಗಿರಣಿಯ ಹೆಂಗಸರಿಗೆ ಒದಗಿದ ರಕ್ಷಣೆಯೇ ಹುಟ್ಟಲಿರುವ ಕೂಸಿಗೂ ಒದಗಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಉಂಟು. ಬಿ-12 ಜೀವಸತ್ವವನ್ನು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸಬಲ್ಲವು. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಇರುತ್ತದೆ. ಸೊಪ್ಪು ಕಾಳುಗಳಲ್ಲಿ ಇರುವುದಿಲ್ಲ. ಆದ್ದರಿಂದ ಸಸ್ಯಾಹಾರಿಗಳಲ್ಲಿ, ಅದರಲ್ಲಿಯೂ ಹಾಲು ಮೊಸರನ್ನು ಕಾಣದವರಲ್ಲಿ, ಅದರ ಕೊರತೆ ಉಂಟಾಗಬಹುದು. ಅಂಥವರು ವೈದ್ಯರನ್ನು ಕೇಳದೆ ಬರಿಯ ಫೋಲಿಕ್ ಆಮ್ಲವನ್ನೇ ಹೆಚ್ಚಾಗಿ ನುಂಗಿದರೆ ರಕ್ತವು ಸುಧಾರಿಸಿದಂತೆ ಕಂಡರೂ ನರಗಳು ಒಳಗೊಳಗೇ ಕೆಡುತ್ತಿರಬಹುದು. ಮದ್ದಿಗೆ ಮಿತಿ ಬೇಕು. ಮಿತಿಗೆ ಅರಿವು ಬೇಕು.

ಫೋಲಿಕ್ ಆಮ್ಲದ ಸಹಜರೂಪವು ದಂಟು, ಹರಿವೆ, ಪಾಲಕ್ ಸೊಪ್ಪುಗಳಲ್ಲಿಯೂ, ಹೆಸರು, ಕಡಲೆ, ಅಲಸಂದೆ ಕಾಳುಗಳಲ್ಲಿಯೂ ಉಂಟು. ಅದು ನೀರಿನಲ್ಲಿ ಕರಗುವಂಥದು, ಹೆಚ್ಚು ಬೇಯಿಸಿದರೆ ನಾಶವಾಗುವಂಥದು. ಸೊಪ್ಪು ಕಾಳುಗಳನ್ನು ಬೇಯಿಸಿ, ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹಳ್ಳಿಯ ತಾಯಂದಿರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೆ ಅವರ ಕೈಯಲ್ಲಿ ಸಾರವು ಪೋಲಾಗುತ್ತಿರಲಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗಿಗೆ ನಾನಿಂದು ಹೇಳಬಹುದಾದುದು ಇಷ್ಟು: ಮಗಳೇ, ಆ ನೀಲಿ ಮಾತ್ರೆಯಲ್ಲಿ ಕಬ್ಬಿಣದೊಡನೆ ಐನೂರು ಮೈಕ್ರೋಗ್ರಾಮಿನಷ್ಟು ಹಸುರೆಲೆಯ ಕೊಡುಗೆ ಇದೆ. ಸಾಸಿವೆಯ ಕಾಳಿಗಿಂತಲೂ ಹಗುರವಾದ ಆ ಚೂರನ್ನು ಕಂಡುಹಿಡಿಯಲು ಒಬ್ಬ ವೈದ್ಯೆ ಸಮುದ್ರ ದಾಟಿ ನಮ್ಮ ನಾಡಿಗೆ ಬಂದಳು. ನಮ್ಮ ನಾಡಿನವರೊಬ್ಬರು ಸಮುದ್ರ ದಾಟಿ ಹೋಗಿ ಅದನ್ನು ತಯಾರಿಸಿದರು. ಅದೇನೆಂದು ಕೇಳಿದುದು ನಿನ್ನ ತಪ್ಪಲ್ಲ. ಕೇಳಿ ತಿಳಿದ ಮೇಲೆ ಅದನ್ನು ಕೆಸರಿಗೆ ಎಸೆಯಬೇಡ.