ಪಡಿತರ ಚೀಟಿಯಿಂದ ನೇರ ಅನುಪಾತ: ಒಂದು ಬೋಧನಾನುಭವ

ತರಗತಿ: 8. ವಿಷಯ: ಗಣಿತ. ಕಲಿಕಾಂಶ: ನೇರ ಅನುಪಾತ. ಅವಧಿಗಳು: 2.

ನೇರ ಅನುಪಾತಕ್ಕೆ ಪೆನ್ನಿನ ಬೆಲೆ, ಬಸ್ಸಿನ ವೇಗಗಳೇ ಸಾಮಾನ್ಯ ಉದಾಹರಣೆಗಳು. ನಾನು ಬೋಧನಾಭ್ಯಾಸಕ್ಕೆ ಹೋದ ಗ್ರಾಮೀಣ ಶಾಲೆಯಲ್ಲಿ ಬಹುಪಾಲು ಮಕ್ಕಳ ಮನೆಗೆ ಪಡಿತರ ಚೀಟಿ ಇದ್ದುದರಿಂದ ಅನ್ನಭಾಗ್ಯ ಯೋಜನೆಯ ಲೆಕ್ಕವನ್ನು ಆರಿಸಿಕೊಂಡೆ.

ಹಿನ್ನೆಲೆ: ತಲಾ 10 ಕೆ.ಜಿ. ಅಕ್ಕಿಯಲ್ಲಿ 5 ಕೆ.ಜಿ. ಹೊಂದಿಸಲಾಗದೆ, ರಾಜ್ಯ ಸರ್ಕಾರ 2023ರ ಜುಲೈನಿಂದ ಅದರ ಬದಲಿಗೆ ಕೆ.ಜಿ.ಗೆ ₹34ರಂತೆ ಹಣ ನೀಡಿತು. ಹಣ ಕುಟುಂಬದ ಮುಖ್ಯಸ್ಥರ ಆಧಾರ್ ಜೋಡಿತ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿತ್ತು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಆರಂಭಿಸಲಾಯಿತು.

ಮೊದಲ ಅವಧಿ: ಆದ್ಯತಾ (ಬಿಪಿಎಲ್) ಚೀಟಿಯ ಕೋಷ್ಟಕವನ್ನು ಮಕ್ಕಳೇ ತುಂಬಿದರು. 1 ಸದಸ್ಯರಿಗೆ ₹170, 2ಕ್ಕೆ ₹340, 5ಕ್ಕೆ ₹850. ಹಣವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿದಾಗ ಪ್ರತಿ ಸಲವೂ 170 ಬಂತು. ಸ್ಥಿರಾಂಕ ಎಂದರೇನೆಂದು ಬೇರೆ ವಿವರಣೆ ಬೇಕಾಗಲಿಲ್ಲ.

ನಂತರ ಅಂತ್ಯೋದಯ ಚೀಟಿಯ ಕೋಷ್ಟಕ. ಇಲ್ಲಿ 4 ಸದಸ್ಯರಿಗೆ ₹170, 5ಕ್ಕೆ ₹510, 6ಕ್ಕೆ ₹850. "ಇದೂ ನೇರ ಅನುಪಾತವೇ?" ಎಂದು ಕೇಳಿದೆ. ಹಣ ಹೆಚ್ಚುತ್ತಿದೆಯಾದ್ದರಿಂದ ಹಲವರು ಹೌದೆಂದರು. ಭಾಗಿಸಿ ನೋಡಲು ಹೇಳಿದೆ: 42.5, 102, ಸುಮಾರು 141.7. ಸ್ಥಿರಾಂಕ ಸಿಗಲಿಲ್ಲ. ಕಾರಣವನ್ನು ಗುಂಪುಗಳಲ್ಲಿ ಹುಡುಕಿದರು. ಈ ಚೀಟಿಗೆ ಸದಸ್ಯರೆಷ್ಟೇ ಇದ್ದರೂ 35 ಕೆ.ಜಿ. ಧಾನ್ಯ ಇದ್ದೇ ಇರುತ್ತದೆ. ತಲಾ 10 ಕೆ.ಜಿ.ಯಂತೆ ಲೆಕ್ಕ ಹಾಕಿ, 35 ಕಳೆದು ಉಳಿದದ್ದಕ್ಕೆ ಮಾತ್ರ ಹಣ. ಆದ್ದರಿಂದಲೇ 3 ಅಥವಾ ಕಡಿಮೆ ಸದಸ್ಯರಿದ್ದ ಕುಟುಂಬಕ್ಕೆ ಹಣವಿರಲಿಲ್ಲ. "ಎರಡೂ ಒಟ್ಟಿಗೆ ಹೆಚ್ಚಿದರೆ ಸಾಲದು, ಭಾಗಲಬ್ಧ ಒಂದೇ ಇರಬೇಕು" ಎಂಬ ತೀರ್ಮಾನವನ್ನು ಒಂದು ಗುಂಪಿನ ನಾಯಕಿ ಕಪ್ಪುಹಲಗೆಯ ಮೇಲೆ ಬರೆದಳು.

ಎರಡನೆಯ ಅವಧಿ: ನಕ್ಷೆ ಬಿಡಿಸುವಾಗ ಒಬ್ಬ ಹುಡುಗ ಕೇಳಿದ: "ಮಿಸ್, ಲೆಕ್ಕದಲ್ಲಿ ₹850 ಬರುತ್ತೆ. ಖಾತೆ ಇಲ್ಲದಿದ್ದರೆ ಸೊನ್ನೆ ಬರುತ್ತೆ. ಯಾವುದು ಸರಿ?" ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಆದರೆ ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯೆನಿಸಲಿಲ್ಲ. ಹಲಗೆಯ ಮೇಲೆ ಎರಡು ಕಂಬಸಾಲು ಬರೆದೆ: 'ಸಲ್ಲಬೇಕಾದದ್ದು', 'ಕೈಸೇರಿದ್ದು'. ಮೊದಲನೆಯದನ್ನು ಅನುಪಾತ ಹೇಳುತ್ತದೆ. ಎರಡನೆಯದಕ್ಕೆ ಖಾತೆ, ಆಧಾರ್ ಜೋಡಣೆ ಎಂಬ ಷರತ್ತುಗಳೂ ಬೇಕು. ಷರತ್ತು ತಪ್ಪಿದರೆ ₹850ರಲ್ಲಿ ಅರ್ಧವಲ್ಲ, ಏನೂ ಬರುವುದಿಲ್ಲ.

ಅಕ್ಕಿಗೆ ಬ್ಯಾಂಕ್ ಖಾತೆ ಬೇಕಿರಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಹಿಂದೆ ವೃದ್ಧಾಪ್ಯ ವೇತನವನ್ನು ಪೋಸ್ಟ್‌ಮ್ಯಾನ್ ಮನಿಯಾರ್ಡರ್ ಮೂಲಕ ಮನೆಗೇ ತಂದುಕೊಡುತ್ತಿದ್ದುದನ್ನು ಮಕ್ಕಳು ಅಜ್ಜಿಯರಿಂದ ಕೇಳಿದ್ದರು. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಾಣದ ಚಿತ್ರದಿಂದ ತೋರಿಸಿದೆ: ಒಂದು ಆಧಾರ್ ಸಂಖ್ಯೆಯಿಂದ ಒಂದೇ ಬಾಣ, ಅದೂ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. "ಹಣ ಬಂದಿಲ್ಲ" ಎನ್ನುವ ಮನೆಯವರು ಹಳೆಯ ಪಾಸ್‌ಬುಕ್ ಮಾತ್ರ ನೋಡಿರಬಹುದು ಎಂಬುದು ಮಕ್ಕಳಿಗೆ ಹೊಳೆಯಿತು. ಖಾತೆಯೇ ಇಲ್ಲದವರು ಜನಧನ್ ಯೋಜನೆಯಲ್ಲಿ ಅಥವಾ ಅಂಚೆ ಪಾವತಿ ಬ್ಯಾಂಕಿನಲ್ಲಿ ಠೇವಣಿಯಿಲ್ಲದೆ ಖಾತೆ ತೆರೆಯಬಹುದೆಂದೂ ತಿಳಿಸಿದೆ.

ಮೌಲ್ಯಮಾಪನ: 7 ಸದಸ್ಯರ ಎರಡು ಕುಟುಂಬಗಳು, ಒಂದಕ್ಕೆ ಆದ್ಯತಾ ಚೀಟಿ, ಇನ್ನೊಂದಕ್ಕೆ ಅಂತ್ಯೋದಯ. ಯಾರಿಗೆ ಎಷ್ಟು ಸಲ್ಲಬೇಕಿತ್ತು? (ಉತ್ತರ: ಇಬ್ಬರಿಗೂ ₹1,190.) ಉತ್ತರ ಒಂದೇ ಆದರೂ ಒಂದು ಮಾತ್ರ ನೇರ ಅನುಪಾತ ಏಕೆ ಎಂದು ವಿವರಿಸಿದವರಿಗೆ ಪರಿಕಲ್ಪನೆ ದಕ್ಕಿದೆ ಎಂದು ತಿಳಿಯಬಹುದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಈ ಪಾಠದಲ್ಲಿ "ನಿಮ್ಮ ಮನೆಯಲ್ಲಿ ಯಾವ ಚೀಟಿ? ಹಣ ಬಂತೇ?" ಎಂದು ಯಾವ ಮಗುವನ್ನೂ ಕೇಳಬೇಡಿ. ಕಾಲ್ಪನಿಕ ಕುಟುಂಬಗಳನ್ನೇ ಬಳಸಿ. ತನ್ನ ಮನೆಯ ಲೆಕ್ಕವನ್ನು ಮಗು ತಾನೇ, ತನ್ನ ಪುಸ್ತಕದಲ್ಲಿ ಮಾಡಿಕೊಳ್ಳುತ್ತದೆ.