ಶೀಟು ಹೊದಿಕೆಯ ಕಟ್ಟಡಗಳಿಗೆ ಉಕ್ಕಿನ ಚೌಕಟ್ಟಿನ ಆಯ್ಕೆ: ಸದಸ್ಯರಿಗಾಗಿ ಅಧ್ಯಯನ ಲೇಖನ

ಗ್ರಾಮ ಪಂಚಾಯಿತಿಗಳ ಕ್ರಿಯಾ ಯೋಜನೆಗಳಲ್ಲಿ ಘನತ್ಯಾಜ್ಯ ವಿಂಗಡಣಾ ಘಟಕ, ಸಂತೆ ಮಾರುಕಟ್ಟೆಯ ನೆರಳು, ಗೋದಾಮು, ಸ್ವಸಹಾಯ ಸಂಘಗಳ ಕೆಲಸದ ಶೆಡ್ಡು ಮುಂತಾದ ಕಾಮಗಾರಿಗಳು ಸೇರ್ಪಡೆಯಾಗುತ್ತಿವೆ. ಇವುಗಳಲ್ಲಿ ಹಲವು ಉಕ್ಕಿನ ಚೌಕಟ್ಟಿನ ಮೇಲೆ ಶೀಟು ಹೊದಿಸಿದ ಕಟ್ಟಡಗಳು. ಸಭೆಯ ನಡಾವಳಿಯಲ್ಲಿ ಇವೆಲ್ಲವನ್ನೂ “ಶೆಡ್ ನಿರ್ಮಾಣ” ಎಂಬ ಒಂದೇ ಮಾತಿನಲ್ಲಿ ದಾಖಲಿಸುವ ರೂಢಿಯಿದ್ದರೂ ಶೀಟಿನ ಕೆಳಗಿನ ಚೌಕಟ್ಟು ಒಂದೇ ಬಗೆಯದಲ್ಲ. ಚೌಕಟ್ಟಿನ ವಿನ್ಯಾಸವು ಎಂಜಿನಿಯರರ ಹೊಣೆ. ಆದರೆ ಒಳಗೆ ಯಾವ ಕೆಲಸ ನಡೆಯುತ್ತದೆ, ನಡುವೆ ಕಂಬ ಬಂದರೆ ಅಡ್ಡಿಯೇ, ಮುಂದೆ ಕಟ್ಟಡವನ್ನು ಉದ್ದ ಮಾಡುವ ಉದ್ದೇಶವಿದೆಯೇ ಎಂಬುದನ್ನು ಹೇಳಬಲ್ಲವರು ಸದಸ್ಯರೇ. ಅಂದಾಜು ಪಟ್ಟಿ ಸಿದ್ಧವಾಗುವ ಮೊದಲೇ ಇದು ತೀರ್ಮಾನವಾಗಬೇಕು. ತಾಂತ್ರಿಕ ಮಂಜೂರಾತಿಯ ನಂತರ ಚೌಕಟ್ಟನ್ನು ಬದಲಿಸುವುದೆಂದರೆ ಹೊಸ ಅಂದಾಜು ಪಟ್ಟಿಯನ್ನೇ ಮಾಡಿದಂತೆ.

ಆಯ್ಕೆಯನ್ನು ಮೊದಲು ನಿರ್ಧರಿಸುವುದು ಅಗಲ. ಸುಮಾರು 12 ಮೀಟರಿನವರೆಗಿನ ಅಗಲಕ್ಕೆ ಉಕ್ಕಿನ ಕೊಳವೆಗಳ ತ್ರಿಕೋನ ಟ್ರಸ್ಸನ್ನು ಎರಡು ಬದಿಯ ಕಂಬಗಳ ಮೇಲೆ ಕೂರಿಸುವ ಪದ್ಧತಿ ಸಾಮಾನ್ಯವಾಗಿ ಸಾಕು. ತಾಲ್ಲೂಕು ಕೇಂದ್ರದ ಫ್ಯಾಬ್ರಿಕೇಶನ್ ಅಂಗಡಿಯವರು ಇದನ್ನು ಮಾಡಬಲ್ಲರು, ರಿಪೇರಿಯೂ ಸುಲಭ. ಟ್ರಸ್ಸಿನ ಕೆಳಗಿನ ಅಡ್ಡ ಕೊಳವೆಯು ಎರಡು ತುದಿಗಳನ್ನೂ ಕಟ್ಟಿ ಹಿಡಿಯುವುದರಿಂದ ಛಾವಣಿಯ ಭಾರವು ಕಂಬಗಳನ್ನು ಹೊರಗೆ ತಳ್ಳುವುದಿಲ್ಲ. ಆದರೆ ಅದೇ ಅಡ್ಡ ಕೊಳವೆ ಒಳಗಿನ ಎತ್ತರವನ್ನು ಕಡಿಮೆ ಮಾಡುತ್ತದೆ. ತ್ಯಾಜ್ಯ ಸುರಿಯುವ ಟಿಪ್ಪರ್ ಒಳಗೆ ಬಂದು ಹಿಂಬದಿಯನ್ನು ಮೇಲೆತ್ತುವುದಾದರೆ ಎತ್ತಿದ ಸ್ಥಿತಿಯಲ್ಲಿ ವಾಹನದ ಎತ್ತರವೆಷ್ಟು ಎಂಬುದನ್ನು ಮೊದಲೇ ಅಳೆದು ಎಂಜಿನಿಯರರಿಗೆ ತಿಳಿಸಬೇಕು.

ಅಗಲ ಇದಕ್ಕಿಂತ ಹೆಚ್ಚಾಗಿದ್ದು ನಡುವೆ ಕಂಬವೇ ಬೇಡವೆಂದಾದರೆ ಪೋರ್ಟಲ್ ಫ್ರೇಮ್ ಸೂಕ್ತ. ಇದರಲ್ಲಿ ಕಂಬವೂ ತೊಲೆಯೂ ಮೂಲೆಯಲ್ಲಿ ಅಲುಗದಂತೆ ಒಂದಾಗಿ ಬೆಸೆದಿರುತ್ತವೆ. ಮೂಲೆಯಲ್ಲಿ ಬಾಗಿಸುವ ಬಲ ಅಧಿಕವಾದ್ದರಿಂದ ಅಲ್ಲಿ ಉಕ್ಕಿನ ಆಳ ಹೆಚ್ಚು, ಕಂಬದ ಬುಡದಲ್ಲಿ ಕಡಿಮೆ. ಕಂಬ ಬುಡದಲ್ಲಿ ಸಣ್ಣಗಾಗಿ ಕಾಣುವುದು ಇದೇ ಕಾರಣದಿಂದ, ಅದನ್ನು ಕಳಪೆ ಕಾಮಗಾರಿ ಎಂದು ಭಾವಿಸಬೇಕಿಲ್ಲ. ಭಾಗಗಳು ಕಾರ್ಖಾನೆಯಲ್ಲಿ ತಯಾರಾಗಿ ಬಂದು ಸ್ಥಳದಲ್ಲಿ ಬೋಲ್ಟಿನಿಂದ ಜೋಡಣೆಯಾಗುತ್ತವೆ. ಎತ್ತಲು ಕ್ರೇನ್ ಬೇಕು. ಓಣಿಯ ಒಳಗೆ ಕ್ರೇನ್ ಹೋಗದ ನಿವೇಶನಕ್ಕೆ ಇದನ್ನು ಆರಿಸುವುದು ವಿವೇಕವಲ್ಲ. ಈ ಚೌಕಟ್ಟು ಬುಡದಲ್ಲಿ ಹೊರಮುಖವಾಗಿ ತಳ್ಳುವುದರಿಂದ ತಳಪಾಯವೂ ಅದಕ್ಕೆ ತಕ್ಕಂತಿರಬೇಕು. ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಎರೆಭೂಮಿಯಲ್ಲಿ ಮಣ್ಣಿನ ಪರೀಕ್ಷೆಯಿಲ್ಲದೆ ಮುಂದುವರಿಯಬಾರದು.

ಸಂತೆ ಮಾರುಕಟ್ಟೆಗೆ ಇಷ್ಟೆಲ್ಲ ಬೇಕಿಲ್ಲ. ವ್ಯಾಪಾರಿಗಳು ಸಾಲಾಗಿ ಕೂರುವ ಜಾಗದಲ್ಲಿ ಕಟ್ಟೆಗಳ ನಡುವೆ ಕಂಬ ಬಂದರೆ ಯಾರಿಗೂ ತೊಂದರೆಯಿಲ್ಲ. ನಡುಗಂಬ ಒಂದು ಬಂದೊಡನೆ ತೊಲೆಯ ಅಗಲ ಅರ್ಧವಾಗಿ, ಉಕ್ಕಿನ ತೂಕವೂ ಇಳಿಯುತ್ತದೆ. ಕಂಬವಿಲ್ಲದ ವಿಶಾಲ ಸಭಾಂಗಣ ನೋಡಲು ಚೆಂದವೆಂಬ ಕಾರಣಕ್ಕೆ ಸಂತೆಯ ನೆರಳಿಗೂ ಅದನ್ನೇ ಕೇಳುವುದು ಪಂಚಾಯಿತಿಯ ಹಣಕ್ಕೆ ನ್ಯಾಯವಲ್ಲ.

ಹಗುರವಾದ ಛಾವಣಿಯ ವಿಷಯದಲ್ಲಿ ಅತಿ ಮುಖ್ಯವಾದುದು ಗಾಳಿ. ಆರ್‌ಸಿಸಿ ಛಾವಣಿ ಕುಸಿಯುತ್ತದೆಂಬ ಭಯಕ್ಕೆ ಹೊಂದಿಕೊಂಡ ಮನಸ್ಸು ಶೀಟಿನ ಛಾವಣಿಗೂ ಅದೇ ಭಯವನ್ನು ಅನ್ವಯಿಸುತ್ತದೆ. ಆದರೆ ಶೀಟಿನ ಛಾವಣಿಗಿರುವ ದೊಡ್ಡ ಅಪಾಯ ಕುಸಿತವಲ್ಲ, ಹಾರಿಹೋಗುವುದು. ಭಾರತೀಯ ಮಾನಕ ಐಎಸ್ 875ರ 3ನೇ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ಸೂಚಿಸಿದೆ. ವ್ಯತ್ಯಾಸ ಆರೇ ಮೀಟರ್ ಎನಿಸಬಹುದು. ಆದರೆ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 33 ಮೀಟರಿಗೆ ಚದರ ಮೀಟರಿಗೆ ಸುಮಾರು 66 ಕಿಲೋ ಇದ್ದ ಒತ್ತಡ 39 ಮೀಟರಿಗೆ ಸುಮಾರು 93 ಕಿಲೋ ಆಗುತ್ತದೆ. ಬಯಲುಸೀಮೆಯ ನಕ್ಷೆಯನ್ನು ಕರಾವಳಿಗೆ ಹಾಗೆಯೇ ನಕಲು ಮಾಡಬಾರದೆಂಬುದಕ್ಕೆ ಇಷ್ಟೇ ಸಾಕು.

9 ಮೀಟರ್ ಅಗಲದ, ಟ್ರಸ್ಸುಗಳ ನಡುವೆ 4.5 ಮೀಟರ್ ಅಂತರವಿರುವ ಶೆಡ್ಡೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಳಗಿನ ಸಾಲಿನ ಪ್ರತಿ ಕಂಬದ ಪಾಲಿಗೆ ಸುಮಾರು 20 ಚದರ ಮೀಟರ್ ಛಾವಣಿ ಬರುತ್ತದೆ. 66 ಕಿಲೋ ಒತ್ತಡವೇ ಪೂರ್ತಿಯಾಗಿ ಮೇಲ್ಮುಖವಾಗಿ ಎಳೆಯಿತೆಂದು ಭಾವಿಸಿದರೆ ಆ ಕಂಬವನ್ನು ಕಿತ್ತೆಳೆಯುವ ಬಲ 1,300 ಕಿಲೋ ಮೀರುತ್ತದೆ. ಶೀಟು, ಪರ್ಲಿನ್, ಟ್ರಸ್ಸು ಎಲ್ಲ ಸೇರಿ ಚದರ ಮೀಟರಿಗೆ 15 ಕಿಲೋ ತೂಗಿದರೂ 300 ಕಿಲೋ ಕಳೆದು ಸುಮಾರು ಒಂದು ಟನ್ ಉಳಿಯುತ್ತದೆ. 45 ಸೆಂಟಿಮೀಟರ್ ಉದ್ದಗಲ ಆಳದ ಗುಂಡಿಗೆ ತುಂಬಿದ ಕಾಂಕ್ರೀಟ್ ತೂಗುವುದು ಸುಮಾರು 220 ಕಿಲೋ ಮಾತ್ರ. ಒಂದು ಮೀಟರ್ ಚೌಕದ ಪಾದವನ್ನು ಒಂದು ಮೀಟರ್ ಆಳದಲ್ಲಿ ಕೂರಿಸಿದರೆ ಅದರ ಮೇಲೆ ತುಂಬಿದ ಮಣ್ಣಿನ ತೂಕವೂ ಸೇರಿ ಹಿಡಿತ ಸಾಕಷ್ಟಾಗುತ್ತದೆ. ನಿಖರ ಲೆಕ್ಕ ಕಟ್ಟಡದ ಆಕಾರ ಮತ್ತು ಸ್ಥಳದ ಮೇಲೆ ನಿಂತಿದೆ. ಗೋಡೆಯಿಲ್ಲದ ಅಥವಾ ಒಂದು ಬದಿ ಪೂರ್ತಿ ತೆರೆದ ಶೆಡ್ಡಿನಲ್ಲಿ ಗಾಳಿ ಕೆಳಗಿನಿಂದಲೂ ಎತ್ತುವುದನ್ನು ಆ ಲೆಕ್ಕದಲ್ಲಿ ಪ್ರತ್ಯೇಕವಾಗಿ ಪರಿಗಣಿಸಬೇಕು.

ಟ್ರಸ್ಸಿಲ್ಲದೆ ಬಾಗಿದ ಶೀಟೇ ತನ್ನನ್ನು ತಾನು ಹೊರುವ ಕಮಾನು ಛಾವಣಿಯೂ ಈಚೆಗೆ ಬಳಕೆಯಲ್ಲಿದೆ. ಕೆಲಸ ಬೇಗ ಮುಗಿಯುತ್ತದೆ, ಹಕ್ಕಿಗಳು ಕೂರಲು ಒಳಗೆ ತೊಲೆಗಳಿರುವುದಿಲ್ಲ; ಗೋದಾಮಿಗೆ ಇದು ಒಳ್ಳೆಯ ಗುಣ. ಆದರೆ ಕಮಾನು ಎರಡೂ ಬದಿಗೆ ತಳ್ಳುತ್ತದೆ. ಹಳೆಯ ಇಟ್ಟಿಗೆ ಗೋಡೆಯ ಮೇಲೆ ನೇರವಾಗಿ ಇದನ್ನು ಕೂರಿಸುವ ಪ್ರಸ್ತಾವನೆ ಬಂದರೆ, ಆ ತಳ್ಳುವಿಕೆಯನ್ನು ಹೊರಲು ಆರ್‌ಸಿಸಿ ತೊಲೆ ಮತ್ತು ಕಂಬಗಳು ನಕ್ಷೆಯಲ್ಲಿವೆಯೇ ಎಂದು ಸದಸ್ಯರು ಕೇಳಲೇಬೇಕು.

ವಿಸ್ತರಣೆಯ ಮಾತು ಚಿಕ್ಕದಾದರೂ ಮರೆತುಹೋಗುವಂಥದು. ಪೋರ್ಟಲ್ ಕಟ್ಟಡಗಳಲ್ಲಿ ತುದಿಯ ಗೋಡೆಯ ಚೌಕಟ್ಟು ಅರ್ಧ ಅಂಕಣದ ಭಾರವನ್ನಷ್ಟೇ ಹೊರುವುದರಿಂದ ಅದನ್ನು ಹಗುರವಾಗಿ ರೂಪಿಸುವುದುಂಟು. ಮುಂದೆ ಆ ಕಡೆಗೆ ಉದ್ದ ಮಾಡುವ ಉದ್ದೇಶವಿದ್ದರೆ ತುದಿಯಲ್ಲೂ ಪೂರ್ಣ ಚೌಕಟ್ಟು ಬೇಕೆಂದು ಮೊದಲೇ ನಡಾವಳಿಯಲ್ಲಿ ದಾಖಲಿಸಬೇಕು. ಹಾಗೆಯೇ ಕಂಬಗಳ ನಡುವಿನ ಓರೆ ಕಂಬಿಗಳು ಗಾಳಿಯ ಬಲವನ್ನು ನೆಲಕ್ಕೆ ಇಳಿಸುವ ಅಂಗಗಳು. ಬಾಗಿಲಿಗೆ ಅಡ್ಡವಾಯಿತೆಂದು ಅವನ್ನು ಕತ್ತರಿಸಿ ತೆಗೆಯುವಂತಿಲ್ಲ. ರೋಲಿಂಗ್ ಶಟರ್ ಎಲ್ಲಿ ಬರಬೇಕೆಂಬುದನ್ನು ನಕ್ಷೆಯ ಹಂತದಲ್ಲೇ ತಿಳಿಸಿದರೆ ಓರೆ ಕಂಬಿ ಬೇರೆ ಅಂಕಣಕ್ಕೆ ಹೋಗುತ್ತದೆ.

ಕಾಮಗಾರಿ ಸ್ಥಳದಲ್ಲಿ ಸದಸ್ಯರು ಇರಬೇಕಾದ ದಿನ ಶೀಟು ಹೊದಿಸುವ ದಿನವಲ್ಲ, ಗುಂಡಿ ಮುಚ್ಚುವ ಮುನ್ನಾದಿನ. ಗುಂಡಿಯ ಆಳ, ಪಾದದ ಅಳತೆ, ಆಂಕರ್ ಬೋಲ್ಟುಗಳ ಸಂಖ್ಯೆ ಇವನ್ನು ಟೇಪು ಹಿಡಿದು ಮಂಜೂರಾದ ನಕ್ಷೆಯೊಂದಿಗೆ ತಾಳೆ ನೋಡಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ವ್ಯತ್ಯಾಸ ಕಂಡುಬಂದಲ್ಲಿ ಕಾಂಕ್ರೀಟ್ ಹಾಕುವ ಮೊದಲೇ ಅಭಿವೃದ್ಧಿ ಅಧಿಕಾರಿಗೂ ಕಿರಿಯ ಎಂಜಿನಿಯರರಿಗೂ ಲಿಖಿತವಾಗಿ ತಿಳಿಸತಕ್ಕದ್ದು.