ಮೊದಲ ಡೆಸ್ಕ್‌ಟಾಪ್ ವಿಜೆಟ್: ಕನ್ನಡ ಅಂಕಿಗಳ ಗಡಿಯಾರ

ಗಣಕದ ತೆರೆಯ ಮೂಲೆಯೊಂದರಲ್ಲಿ ನೆಲೆನಿಂತು ಒಂದೇ ಕೆಲಸವನ್ನು ಮಾಡುತ್ತಿರುವ ಪುಟ್ಟ ಕಿಟಕಿಗೆ ಡೆಸ್ಕ್‌ಟಾಪ್ ವಿಜೆಟ್ ಎಂದು ಹೆಸರು. ಗಂಟೆ ತೋರಿಸುವುದು, ಟಿಪ್ಪಣಿ ಹಿಡಿದಿಡುವುದು, ಕೂಡಿ ಕಳೆಯುವುದು ಇಂತಹ ಸಣ್ಣ ಕೆಲಸಗಳಿಗೆ 1984ರ ಮ್ಯಾಕಿಂತೋಷ್ ಗಣಕದಲ್ಲಿಯೇ ಪ್ರತ್ಯೇಕ ಸಾಧನಗಳಿದ್ದವು. ಮುಂದೆ ವಿಂಡೋಸ್ ವಿಸ್ಟಾದಲ್ಲಿ ಇವು ‘ಗ್ಯಾಜೆಟ್’ ಎಂಬ ಹೆಸರಿನಿಂದ ಬಂದವು; ಸುರಕ್ಷತೆಯ ದೋಷಗಳ ಕಾರಣದಿಂದ 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಅವುಗಳನ್ನು ಕೈಬಿಟ್ಟಿತು. ಎಲ್ಲಿಂದಲೋ ಇಳಿಸಿಕೊಂಡ ವಿಜೆಟ್‌ಗಿಂತ ವಿದ್ಯಾರ್ಥಿಯು ತಾನೇ ಬರೆದ ಇಪ್ಪತ್ತು ಸಾಲಿನ ವಿಜೆಟ್ ಮೇಲೆನ್ನಲು ಇದೊಂದೇ ಕಾರಣ ಸಾಕು.

ವಿಜೆಟ್ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಕಿಟಕಿಯೊಳಗಿನ ಗುಂಡಿ, ಬರಹದ ಪಟ್ಟಿ, ತುಂಬುವ ಖಾನೆ ಇವುಗಳನ್ನೂ ಕ್ರಮವಿಧಿಕಾರರು ವಿಜೆಟ್ ಎಂದೇ ಕರೆಯುತ್ತಾರೆ. ಪಾಠದ ಆರಂಭದಲ್ಲಿಯೇ ಈ ಎರಡನ್ನೂ ಬಿಡಿಸಿ ಹೇಳದಿದ್ದರೆ ಮಕ್ಕಳು ಕೊನೆಯವರೆಗೂ ಗೊಂದಲದಲ್ಲಿರುತ್ತಾರೆ.

ಗಡಿಯಾರವನ್ನೇ ಮೊದಲ ಪಾಠಕ್ಕೆ ಆಯ್ದುದಕ್ಕೆ ನಮ್ಮ ಶಾಲೆಗಳ ಸ್ಥಿತಿಯೇ ಕಾರಣ. ಗಡಿನಾಡಿನ ಕನ್ನಡ ಮಾಧ್ಯಮದ ಮಗುವು ಸಮಾಜ, ವಿಜ್ಞಾನಗಳನ್ನು ಕನ್ನಡದಲ್ಲಿ ಓದುತ್ತದೆ. ಗಣಕ ಕೊಠಡಿಯನ್ನು ಹೊಕ್ಕೊಡನೆ ಕನ್ನಡ ಹೊರಗುಳಿಯುತ್ತದೆ. ಕನ್ನಡ ಅಂಕಿಗಳ ಗತಿ ಇನ್ನೂ ಶೋಚನೀಯ. ಎಂಟನೆಯ ತರಗತಿಗೆ ಬಂದರೂ ೬ ಮತ್ತು ೯ರ ನಡುವೆ ತಡವರಿಸುವ ಮಕ್ಕಳಿದ್ದಾರೆ. ಸೆಕೆಂಡು ತೋರಿಸುವ ಗಡಿಯಾರದಲ್ಲಿ ಬಿಡಿಸ್ಥಾನವು ಒಂದು ನಿಮಿಷದಲ್ಲಿ ಹತ್ತೂ ಅಂಕಿಗಳನ್ನು ಆರಾರು ಬಾರಿ ಕಣ್ಣಮುಂದೆ ಹಾಯಿಸುತ್ತದೆ. ಇದಕ್ಕಿಂತ ಅಗ್ಗದ ಅಂಕಿಪಾಠ ನನಗೆ ತಿಳಿದಿಲ್ಲ.

ಪಾಠಕ್ಕೆ ಪೈಥಾನ್ 3 ಮತ್ತು ಅದರ ಟಿಕಿಂಟರ್ ಗ್ರಂಥಾಲಯ ಸಾಕು. ವಿಂಡೋಸ್ ಗಣಕದಲ್ಲಿ ಪೈಥಾನ್‌ನೊಡನೆ ಟಿಕಿಂಟರ್ ಸಾಮಾನ್ಯವಾಗಿ ಬಂದಿರುತ್ತದೆ. ಉಬುಂಟುವಿನಲ್ಲಿ ಅದನ್ನು ಬೇರೆಯಾಗಿ ಸ್ಥಾಪಿಸಬೇಕು. ಇದನ್ನು ಹಿಂದಿನ ದಿನವೇ ಪರಿಶೀಲಿಸಿಡಿ. ಆಜ್ಞೆಗಳು ಇಂಗ್ಲಿಷಿನವೇ ಆದರೂ ಚರಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಪೈಥಾನ್ 3 ಅವಕಾಶ ನೀಡುತ್ತದೆ ಎಂಬುದು ಅನೇಕ ಶಿಕ್ಷಕರಿಗೆ ತಿಳಿಯದ ಸಂಗತಿ. ‘ಕಿಟಕಿ’, ‘ಪಟ್ಟಿ’, ‘ಸಮಯ’ ಎಂದು ಹೆಸರಿಟ್ಟರೆ ಆ ಸಾಲು ಏನು ಮಾಡುತ್ತದೆಂದು ಮಗುವಿಗೆ ಅರ್ಧ ತಿಳಿದಂತೆಯೇ.

ಮೊದಲ ಹೆಜ್ಜೆಯಲ್ಲಿ ಒಂದು ಕಿಟಕಿ, ಅದರೊಳಗೆ ‘ಲೇಬಲ್’ ಎಂಬ ಬರಹದ ಪಟ್ಟಿ, ಕೊನೆಯ ಸಾಲಿನಲ್ಲಿ ‘ಮೇನ್‌ಲೂಪ್’ ಎಂಬ ಆಜ್ಞೆ ಇಷ್ಟನ್ನು ಬರೆಯಿಸಿ. ಮೇನ್‌ಲೂಪ್ ಎಂದರೆ ಕಿಟಕಿಯು ಕಣ್ಣುತೆರೆದು ಕಾದಿರುವ ಸ್ಥಿತಿ. ಮೌಸ್ ಒತ್ತಿದರೆ, ಕೀಲಿ ತಟ್ಟಿದರೆ ಅದು ಸ್ಪಂದಿಸುವುದು ಈ ಕಾಯುವಿಕೆಯಿಂದ. ಗಂಟೆ ಬದಲಾಗುತ್ತಿರಲೆಂದು ವಿದ್ಯಾರ್ಥಿಯು ತನ್ನದೇ ಕೊನೆಯಿಲ್ಲದ ಆವರ್ತನವನ್ನು ಬರೆದು ನಡುವೆ ಒಂದು ಸೆಕೆಂಡು ನಿದ್ರೆಯನ್ನು ಸೇರಿಸಿದರೆ ಮೇನ್‌ಲೂಪಿಗೆ ಸರದಿಯೇ ಬಾರದು. ಕಿಟಕಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಒಮ್ಮೆ ಹಾಗೆ ಮಾಡಿ ತೋರಿಸುವುದು ಒಳ್ಳೆಯದು.

ಸರಿಯಾದ ದಾರಿ ‘ಆಫ್ಟರ್’ ಎಂಬ ಆಜ್ಞೆ. 1000 ಮಿಲಿಸೆಕೆಂಡುಗಳ ಬಳಿಕ ಇಂತಹ ಕಾರ್ಯವನ್ನು ಮಾಡು ಎಂದು ಅದು ಕಿಟಕಿಗೆ ಹೇಳಿಡುತ್ತದೆ. ಕಾರ್ಯವು ಗಣಕದ ಗಡಿಯಾರದಿಂದ ಆ ಕ್ಷಣದ ಸಮಯವನ್ನು ಓದಿ, ಪಟ್ಟಿಯಲ್ಲಿ ಬರೆದು, ಮತ್ತೆ ತನ್ನನ್ನೇ ಕರೆಯುವಂತೆ ಹೇಳಿಟ್ಟು ಮುಗಿಯುತ್ತದೆ. ಇಲ್ಲಿ ಬಹುಪಾಲು ಮಕ್ಕಳು ಎಡವುವ ಸ್ಥಳವೊಂದಿದೆ: ಆಫ್ಟರ್‌ಗೆ ಕಾರ್ಯದ ಹೆಸರನ್ನಷ್ಟೇ ಕೊಡಬೇಕು, ಹೆಸರಿನ ಮುಂದೆ ಆವರಣ ಹಾಕಬಾರದು. ಹಾಜರಿ ಪುಸ್ತಕದಲ್ಲಿ ಹೆಸರನ್ನು ಬರೆದಿಡುವುದು ಬೇರೆ, ಹೆಸರು ಹಿಡಿದು ಕೂಗುವುದು ಬೇರೆ. ಆವರಣ ಹಾಕಿದೊಡನೆ ಕೂಗಿದಂತಾಯಿತು. ಕಾರ್ಯವು ಕಾಯದೆ ಆಗಲೇ ನಡೆದು, ತನ್ನೊಳಗೆ ತನ್ನನ್ನೇ ಕರೆಯುತ್ತ ಹೋಗಿ, ಕೊನೆಗೆ ಪೈಥಾನ್ ದೋಷಸಂದೇಶ ನೀಡಿ ನಿಲ್ಲುತ್ತದೆ. ಪ್ರತಿ ಸಲವೂ ಸಮಯವನ್ನು ಹೊಸದಾಗಿ ಓದಬೇಕು, ಹಿಂದಿನದಕ್ಕೆ ಒಂದು ಸೆಕೆಂಡು ಕೂಡಿಸುತ್ತ ಹೋಗಬಾರದು ಎಂಬುದನ್ನೂ ವಿವರಿಸಿ. ಆಫ್ಟರ್ ಪ್ರತಿ ಬಾರಿಯೂ ತುಸು ತಡವಾಗಿಯೇ ಏಳುತ್ತದೆ. ಕೂಡಿಸುವ ಗಡಿಯಾರ ದಿನ ಕಳೆದಂತೆ ಹಿಂದೆ ಬೀಳುತ್ತದೆ.

ಈಗ ಕನ್ನಡ ಅಂಕಿ. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಕ್ರಮಸಂಖ್ಯೆಯಿದೆ. ನಾವು ದಿನವೂ ಬಳಸುವ 0ಯ ಕ್ರಮಸಂಖ್ಯೆ 48. ಕನ್ನಡದ ೦ಯದು 3302. ಉಳಿದ ಒಂಬತ್ತು ಅಂಕಿಗಳು ಎರಡೂ ಕಡೆ ಇದೇ ಕ್ರಮದಲ್ಲಿ ಮುಂದುವರಿಯುವುದರಿಂದ ವ್ಯತ್ಯಾಸ ಎಲ್ಲೆಡೆಯೂ 3254. ಅಂಕಿಯ ಕ್ರಮಸಂಖ್ಯೆಗೆ 3254 ಕೂಡಿಸಿ, ಬಂದ ಸಂಖ್ಯೆಯ ಅಕ್ಷರವನ್ನು ಪಡೆದರೆ ಕೆಲಸ ಮುಗಿಯಿತು. ಆದರೆ ಗಂಟೆ ನಿಮಿಷಗಳ ನಡುವಿನ ಕೋಲನ್ ಚಿಹ್ನೆಯನ್ನು ಮುಟ್ಟಬಾರದು. ಅದರ ಸಂಖ್ಯೆ 58. ಅದಕ್ಕೂ ಕೂಡಿಸಿದರೆ ಬರುವ 3312ರಲ್ಲಿ ಯಾವ ಅಕ್ಷರವನ್ನೂ ಇರಿಸಿಲ್ಲ, ತೆರೆಯ ಮೇಲೆ ಖಾಲಿ ಚೌಕ ಮೂಡುತ್ತದೆ. ‘ಅಂಕಿಯಾದರೆ ಮಾತ್ರ’ ಎಂಬ ಷರತ್ತು ಏಕೆ ಬೇಕೆಂಬುದನ್ನು ಆ ಚೌಕವೇ ಕಲಿಸುತ್ತದೆ.

ಗಡಿನಾಡಿನ ತರಗತಿಗೆ ಮಾತ್ರ ದಕ್ಕುವ ಸೊಗಸು ಇದರ ಮುಂದಿದೆ. ತೆಲುಗಿನ ಸೊನ್ನೆಯ ಸಂಖ್ಯೆ 3174, ಮಲಯಾಳದ್ದು 3430. ಕನ್ನಡವು ಇವೆರಡರ ನಡುವೆ ಸರಿಯಾಗಿ 128ರ ಅಂತರದಲ್ಲಿ ನಿಂತಿದೆ. ತಮಿಳಿನದು ತೆಲುಗಿಗಿಂತ 128 ಹಿಂದೆ, ಅಂದರೆ 3046. ಮರಾಠಿ ಬಳಸುವ ದೇವನಾಗರಿಯ ಸೊನ್ನೆ 2406. ಕನ್ನಡದಿಂದ ಅದಕ್ಕೆ 128ರ ಏಳು ಮಡಿ ದೂರ. ಭಾರತೀಯ ಲಿಪಿಗಳಿಗೆ ಒಂದೇ ಬಗೆಯ ಚೌಕಟ್ಟನ್ನು ಕೊಟ್ಟ ಇಸ್ಕಿ ಸಂಕೇತದ 1988ರ ಆವೃತ್ತಿಯನ್ನು ಯೂನಿಕೋಡ್ ಅನುಸರಿಸಿದ್ದರ ಫಲವಿದು. ಹೀಗಾಗಿ ಕಾಸರಗೋಡಿನ ವಿದ್ಯಾರ್ಥಿ ಒಂದೇ ಒಂದು ಸಂಖ್ಯೆಯನ್ನು ಬದಲಿಸಿ ತನ್ನ ಗಡಿಯಾರವನ್ನು ಮಲಯಾಳಕ್ಕೂ, ರಾಯದುರ್ಗದವನು ತೆಲುಗಿಗೂ, ಜತ್ತದವಳು ಮರಾಠಿಗೂ ತಿರುಗಿಸಬಹುದು. ತಮಿಳಿನ ಸೊನ್ನೆ ಯೂನಿಕೋಡಿಗೆ ತಡವಾಗಿ ಸೇರಿದ್ದು. ಹಳೆಯ ಅಕ್ಷರಶೈಲಿಗಳಲ್ಲಿ ಅದು ಕಾಣದೆ ಹೋಗಬಹುದೆಂದು ಹೊಸೂರು, ತಾಳವಾಡಿಯ ಶಿಕ್ಷಕರು ಗಮನಿಸಬೇಕು.

ಗಡಿಯಾರ ಸಿದ್ಧವಾದೊಡನೆ ಮಕ್ಕಳು ವಾರದ ಹೆಸರನ್ನೂ ಸೇರಿಸೋಣವೆನ್ನುತ್ತಾರೆ. ಆಗ ‘ಶುಕ್ರವಾರ’ ಎಂದು ಬರೆಯಿಸಿ ನೋಡಿ. ವಿಂಡೋಸಿನಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಲಿನಕ್ಸ್ ಗಣಕಗಳಲ್ಲಿ ಟಿಕಿಂಟರ್‌ನ 8.6ರವರೆಗಿನ ಆವೃತ್ತಿಗಳು ಒತ್ತಕ್ಷರವನ್ನೂ ಗುಣಿತವನ್ನೂ ಜೋಡಿಸಲಾರವು. ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ದೋಷ ಅಕ್ಷರಶೈಲಿಯದಲ್ಲ, ಮಗುವಿನದಂತೂ ಅಲ್ಲ. ಕನ್ನಡವೇ ಗಣಕಕ್ಕೆ ಒಗ್ಗದು ಎಂಬ ತಪ್ಪು ತೀರ್ಮಾನ ಮಕ್ಕಳ ಮನಸ್ಸಿನಲ್ಲಿ ಬೇರೂರುವುದು ಇಂತಹ ಗಳಿಗೆಯಲ್ಲಿಯೇ. ಆದುದರಿಂದ ಶಿಕ್ಷಕರು ಕಾರಣವನ್ನು ಆಗಲೇ ಹೇಳಬೇಕು. ಜಿಟಿಕೆ ಅಥವಾ ಕ್ಯೂಟಿ ಗ್ರಂಥಾಲಯಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಎರಡನೆಯ ವಿಜೆಟ್ಟನ್ನು ಅವುಗಳಲ್ಲಿ ಬರೆಯಿಸಿ. ಅಂಕಿಗಳಿಗೆ ಒತ್ತೂ ಇಲ್ಲ, ಗುಣಿತವೂ ಇಲ್ಲ. ಮೊದಲ ಪಾಠಕ್ಕೆ ಅವೇ ತಕ್ಕವೆನ್ನಲು ಇದು ಇನ್ನೊಂದು ಕಾರಣ.

ಕಿಟಕಿಯನ್ನು ಎಲ್ಲದರ ಮೇಲೆ ನಿಲ್ಲಿಸುವುದು, ಶೀರ್ಷಿಕೆಪಟ್ಟಿಯನ್ನು ತೆಗೆಯುವುದು ಅಲಂಕಾರದ ಕೆಲಸ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಶೀರ್ಷಿಕೆಪಟ್ಟಿ ಹೋದರೆ ಮುಚ್ಚುವ ಗುಂಡಿಯೂ ಹೋಗುತ್ತದೆ. ಲಿನಕ್ಸಿನಲ್ಲಿ ಅಂತಹ ಕಿಟಕಿಗೆ ಕೀಲಿಮಣೆಯ ಒತ್ತುಗಳು ತಲುಪದೆಯೂ ಇರಬಹುದು. ಆದಕಾರಣ ಪಟ್ಟಿಯ ಮೇಲೆ ಮೌಸನ್ನು ಎರಡು ಸಲ ಒತ್ತಿದರೆ ಕಿಟಕಿ ಮುಚ್ಚುವಂತೆ ಒಂದು ಸಾಲನ್ನು ಮೊದಲೇ ಸೇರಿಸಿ, ಅದು ಕೆಲಸ ಮಾಡುತ್ತದೆಯೆಂದು ನೋಡಿಕೊಂಡ ಮೇಲೆಯೇ ಶೀರ್ಷಿಕೆಪಟ್ಟಿಯನ್ನು ತೆಗೆಯಿಸಿ.